ಲಾಠಿ ಬೀಸಿದರೆ ಅಮಾನತು, ಬೀಸದಿದ್ದರೆ ಕರ್ತವ್ಯಲೋಪ: ಪೊಲೀಸ್ ಅಧಿಕಾರಿಯೊಬ್ಬರ ಪ್ರಶ್ನೆ

ಪ್ರಶ್ನೆ: ಹದಿನಾರು ವರ್ಷಗಳಿಂದ ಪೊಲೀಸ್ ಸೇವೆಯಲ್ಲಿರುವ ನನ್ನ ಮೇಲೆ ಈಗ ಒಂದು ಸಣ್ಣ ತಂಡದ ಹೊಣೆ ಇದೆ. ಕೆಲವು ತಿಂಗಳ ಹಿಂದೆ ಗುಂಪೊಂದನ್ನು ಚದುರಿಸುವಾಗ ನನ್ನ ತಂಡದ ಕಾನ್‌ಸ್ಟೆಬಲ್ ಒಬ್ಬರ ಲಾಠಿ ಏಟಿಗೆ ಯುವಕನೊಬ್ಬನ ಮುಂಗೈ ಮೂಳೆ ಮುರಿಯಿತು. ಯಾರೋ ಮೊಬೈಲಿನಲ್ಲಿ ಹಿಡಿದ ಹನ್ನೆರಡು ಸೆಕೆಂಡಿನ ತುಣುಕು ಎಲ್ಲೆಡೆ ಹರಿದಾಡಿತು. ಮರುದಿನವೇ ಅವರು ಅಮಾನತಾದರು. ಅದಕ್ಕೂ ಮೊದಲು ಅರ್ಧ ಗಂಟೆ ನಮ್ಮ ಮೇಲೆ ಕಲ್ಲು ಬಿದ್ದದ್ದು ಆ ತುಣುಕಿನಲ್ಲಿಲ್ಲ. ‘ಕೂಡಲೇ ಚದುರಿಸಿ’ ಎಂದು ವೈರ್‌ಲೆಸ್‌ನಲ್ಲಿ ಆದೇಶ ಕೊಟ್ಟ ಮೇಲಧಿಕಾರಿಯ ಹೆಸರು ವಿಚಾರಣೆಯ ಕಡತದಲ್ಲೂ ಇಲ್ಲ. ಉಳಿದ ಹುಡುಗರು, ‘ಇನ್ನು ಮೇಲೆ ಕೈಕಟ್ಟಿ ನಿಲ್ಲುವುದೇ ಕ್ಷೇಮ’ ಎನ್ನುತ್ತಿದ್ದಾರೆ. ಆ ಜಾಗದಲ್ಲಿ ನಿಲ್ಲದವರಿಗೆ ನಮ್ಮನ್ನು ತೂಗುವ ಅಧಿಕಾರ ಎಲ್ಲಿಂದ ಬಂತು? ಇವರಿಗೆ ನಾನು ಏನು ಹೇಳಲಿ?
— ಹೆಸರು ಬೇಡವೆಂದು ಕೋರಿದ ಅಧಿಕಾರಿ

ಉತ್ತರ: ಸ್ಥಳದಲ್ಲಿ ಇಲ್ಲದವರು ಹೇಗೆ ತೂಗಬೇಕು ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆಯೂ ಬಂದಿದೆ. 1984ರಲ್ಲಿ ಅಮೆರಿಕದ ಷಾರ್ಲಟ್ ನಗರದಲ್ಲಿ ಡೆಥೋರ್ನ್ ಗ್ರಹಾಂ ಎಂಬ ಮಧುಮೇಹಿ, ದೇಹ ಸೋಲುತ್ತಿರುವುದನ್ನು ಅರಿತು ಕಿತ್ತಳೆ ರಸ ಕೊಳ್ಳಲು ಅಂಗಡಿಗೆ ಹೋದರು. ಅಲ್ಲಿನ ಉದ್ದನೆಯ ಸಾಲು ಕಂಡು ಅವಸರದಿಂದ ಹೊರಗೆ ಬಂದರು. ಅದನ್ನು ನೋಡಿ ಅನುಮಾನಪಟ್ಟ ಪೊಲೀಸ್ ಅಧಿಕಾರಿ ಅವರಿದ್ದ ಕಾರನ್ನು ತಡೆದರು. ಅಂಗಡಿಯಲ್ಲಿ ಏನೂ ನಡೆದಿಲ್ಲವೆಂದು ತಿಳಿದು ಬರುವಷ್ಟರಲ್ಲಿ ಗ್ರಹಾಂ ಅವರ ಕೈಗೆ ಕೋಳ ಬಿದ್ದು, ಪಾದದ ಮೂಳೆ ಮುರಿದು, ಹಣೆಗೆ ಪೆಟ್ಟಾಗಿತ್ತು. ಈ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಕೊಟ್ಟ ತೀರ್ಪು ನಿಮ್ಮ ಮಾತಿನ ಅರ್ಧಭಾಗವನ್ನು ಎತ್ತಿಹಿಡಿಯುತ್ತದೆ: ಎಲ್ಲ ಮುಗಿದ ಮೇಲೆ ಬಂದ ತಿಳಿವಳಿಕೆಯಿಂದ ಬಲಪ್ರಯೋಗವನ್ನು ಅಳೆಯಬಾರದು, ಆ ಕ್ಷಣ ಅಲ್ಲಿದ್ದ ವಿವೇಕಿಯಾದ ಅಧಿಕಾರಿಯೊಬ್ಬನ ಕಣ್ಣಿನಿಂದ ನೋಡಬೇಕು ಎಂದು ಅದು ಹೇಳಿತು. ಆದರೆ ಅಧಿಕಾರಿಯ ಸದುದ್ದೇಶವೊಂದೇ ಮಿತಿಮೀರಿದ ಬಲವನ್ನು ಸರಿಯಾಗಿಸದು ಎಂದೂ ಅದೇ ತೀರ್ಪಿನಲ್ಲಿದೆ. ಎಂದರೆ, ಹೊರಗಿನವರು ತೂಗಬಹುದು. ಆದರೆ ನೀವು ನಿಂತಿದ್ದ ಜಾಗಕ್ಕೆ ಬಂದು ನಿಂತು ತೂಗಬೇಕು. ಹನ್ನೆರಡು ಸೆಕೆಂಡಿನ ತುಣುಕನ್ನು ಮಾತ್ರ ನೋಡಿ ಅಮಾನತು ಮಾಡಿದ್ದರೆ ಅದು ತೂಗಿದಂತಾಗಲಿಲ್ಲ, ಮತ್ತು ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಇನ್ನು ನೀವು ಬರೆಯದೆ ಬಿಟ್ಟಿರುವ ಒಂದು ಸಂಗತಿಯನ್ನು ಕೇಳಬೇಕಾಗಿದೆ. ಏಟು ಬಿದ್ದ ಕ್ಷಣದಲ್ಲಿ ಆ ಯುವಕ ಏನು ಮಾಡುತ್ತಿದ್ದ? ಎದುರು ಬರುತ್ತಿದ್ದನೇ, ಓಡುತ್ತಿದ್ದನೇ, ನೆಲಕ್ಕೆ ಬಿದ್ದಿದ್ದನೇ? ಅರ್ಧ ಗಂಟೆಯ ಕಲ್ಲು ತೂರಾಟ ನಿಮ್ಮ ಭಯವನ್ನೂ ದಣಿವನ್ನೂ ವಿವರಿಸುತ್ತದೆ. ಆ ಒಂದು ಏಟಿನ ಅಗತ್ಯವನ್ನು ವಿವರಿಸುವುದಿಲ್ಲ. ತಲೆಯ ಮೇಲೆ ಬರುವ ಪೆಟ್ಟನ್ನು ತಡೆಯಲು ಕೈ ಎತ್ತಿದಾಗ ಮುಂಗೈಯಲ್ಲಿ ಕಿರುಬೆರಳಿನ ಬದಿಯ ಮೂಳೆ ಮುರಿಯುವುದು ವೈದ್ಯರಿಗೆ ಎಷ್ಟು ಪರಿಚಿತವೆಂದರೆ, ಅದಕ್ಕೆ ‘ನೈಟ್‌ಸ್ಟಿಕ್ ಫ್ರ್ಯಾಕ್ಚರ್’ ಎಂದು ಪೊಲೀಸರ ದೊಣ್ಣೆಯ ಹೆಸರನ್ನೇ ಇಟ್ಟಿದ್ದಾರೆ. ಮುರಿದದ್ದು ಆ ಮೂಳೆಯಾಗಿದ್ದರೆ, ಲಾಠಿ ಕಾಲಿನ ಕಡೆಗಿತ್ತೇ ತಲೆಯ ಕಡೆಗಿತ್ತೇ ಎಂದು ವಿಚಾರಣಾಧಿಕಾರಿ ಕೇಳಿಯೇ ಕೇಳುತ್ತಾರೆ, ಕೇಳಲೂಬೇಕು. ನಿಮ್ಮ ಕಾನ್‌ಸ್ಟೆಬಲ್ ಒಳ್ಳೆಯವರು ಎಂಬುದು ಅದಕ್ಕೆ ಉತ್ತರವಾಗದು.

ನ್ಯಾಯಾಲಯ ಖುಲಾಸೆ ಮಾಡಿದ ಮೇಲೂ ಇಲಾಖೆ ಬಿಡುವುದಿಲ್ಲ ಎಂಬ ಬೇಸರವೂ ನಿಮ್ಮಲ್ಲಿ ಹಲವರಿಗಿದೆ. ಇಂಗ್ಲೆಂಡಿನಲ್ಲಿ ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2023ರ ಜುಲೈನಲ್ಲಿ ಸ್ಪಷ್ಟಪಡಿಸಿತು: ಕ್ರಿಮಿನಲ್ ಮೊಕದ್ದಮೆಯಲ್ಲಿ ಅಪಾಯವಿದೆಯೆಂದು ಅಧಿಕಾರಿ ಪ್ರಾಮಾಣಿಕವಾಗಿ ನಂಬಿದ್ದರೆ ಆ ನಂಬಿಕೆ ತಪ್ಪಾಗಿದ್ದರೂ ಅವರ ನೆರವಿಗೆ ಬರುತ್ತದೆ, ಶಿಸ್ತುಕ್ರಮದಲ್ಲಾದರೆ ಆ ತಪ್ಪು ನಂಬಿಕೆ ಸಮಂಜಸವೂ ಆಗಿರಬೇಕು ಎಂದು ಅದು ಆಗ ಹೇಳಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಗುಂಡು ಹಾರಿಸಿದ್ದ ಸಹೋದ್ಯೋಗಿಯೊಬ್ಬರ ಮೇಲೆ ಕೊಲೆ ಆರೋಪ ಹೊರಿಸಿದ್ದಕ್ಕೆ ನೊಂದು ಲಂಡನ್ನಿನ ಹಲವು ಸಶಸ್ತ್ರ ಪೊಲೀಸರು ಬಂದೂಕಿನ ಕೆಲಸದಿಂದ ಹಿಂದೆ ಸರಿದರು. 2024ರ ಅಕ್ಟೋಬರಿನಲ್ಲಿ ಜ್ಯೂರಿ ಆ ಅಧಿಕಾರಿಯನ್ನು ನಿರ್ದೋಷಿ ಎಂದಿತು. ಘಟನೆ ನಡೆದು ಅಷ್ಟು ಹೊತ್ತಿಗೆ ಎರಡು ವರ್ಷ ಕಳೆದಿತ್ತು. ನಿಮ್ಮ ಹುಡುಗರು ಹೇಳುವ ‘ಕೈಕಟ್ಟಿ ನಿಲ್ಲುವುದು’ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಆ ಎರಡು ವರ್ಷಗಳೇ ಸಾಕ್ಷಿ. ತೀರ್ಮಾನ ಕಠಿಣವಾದರೂ ಮನುಷ್ಯ ತಾಳಿಕೊಂಡಾನು. ಕಾರಣ ಹೇಳದೆ ತಿಂಗಳುಗಟ್ಟಲೆ ನೇತಾಡಿಸಿದರೆ ತಾಳಲಾರ.

ಮೇಲಧಿಕಾರಿಯ ಹೆಸರು ಕಡತದಲ್ಲಿ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ಇಡೀ ಪತ್ರದ ಅತ್ಯಂತ ಗಂಭೀರ ವಿಷಯ. ಬಲಪ್ರಯೋಗ ಮತ್ತು ಬಂದೂಕಿನ ಬಳಕೆಯ ಬಗ್ಗೆ 1990ರಲ್ಲಿ ಹವಾನಾದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನ ಅಂಗೀಕರಿಸಿದ ಮೂಲತತ್ವಗಳಲ್ಲಿ 24ನೆಯದು, ಕೈಕೆಳಗಿನವರ ಅಕ್ರಮ ಬಲಪ್ರಯೋಗ ತಿಳಿದಿದ್ದರೂ ಅಥವಾ ತಿಳಿದಿರಬೇಕಾಗಿದ್ದರೂ ತಡೆಯದ ಮೇಲಧಿಕಾರಿಯನ್ನು ಹೊಣೆಗಾರನನ್ನಾಗಿಸುತ್ತದೆ. 26ನೆಯದು, ಅಕ್ರಮ ಆದೇಶ ಕೊಟ್ಟವರೂ ಹೊಣೆಗಾರರೇ ಎನ್ನುತ್ತದೆ. ಬಲ ಬಳಸಬೇಕಾಗಿ ಬಂದ ಸಿಬ್ಬಂದಿಗೆ ಮಾನಸಿಕ ಒತ್ತಡದ ಆಪ್ತಸಲಹೆ ಕೊಡಬೇಕು, ಶಿರಸ್ತ್ರಾಣ ಮತ್ತು ಗುರಾಣಿ ಒದಗಿಸಬೇಕು ಎಂಬುದೂ ಅದರಲ್ಲೇ ಇದೆ. ನಿಮ್ಮ ತಂಡಕ್ಕೆ ಆ ದಿನ ಎಷ್ಟು ಗುರಾಣಿಗಳಿದ್ದವು, ಗುಂಪು ಚದುರಿಸುವ ತರಬೇತಿ ಕೊನೆಯ ಬಾರಿ ಯಾವಾಗ ಆಗಿತ್ತು, ಆದೇಶ ಎಷ್ಟು ಗಂಟೆಗೆ ಯಾರಿಂದ ಬಂತು ಎಂಬುದನ್ನು ವಿಚಾರಣೆಯಲ್ಲಿ ಲಿಖಿತವಾಗಿ ಸಲ್ಲಿಸಿ, ವೈರ್‌ಲೆಸ್ ದಾಖಲೆಯನ್ನು ತರಿಸಬೇಕೆಂದು ಅರ್ಜಿ ಕೊಡಿ. ಇದು ನಿಮ್ಮ ಕಾನ್‌ಸ್ಟೆಬಲ್‌ನ ಹಕ್ಕು. ಅವರ ಪರವಾಗಿ ಸಾಕ್ಷಿ ಹೇಳುವುದು ತಂಡದ ಮುಖ್ಯಸ್ಥರಾದ ನಿಮ್ಮ ಕರ್ತವ್ಯ.

ಹುಡುಗರಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ವರದಿ ಬರೆಯುವುದನ್ನು ಕಲಿಸಿ. ನಾನು ಓದಿರುವ ಇಂಥ ವರದಿಗಳಲ್ಲಿ ಬಹುಪಾಲು ‘ಅನಿವಾರ್ಯವಾಗಿ ಲಘು ಲಾಠಿ ಪ್ರಹಾರ ನಡೆಸಲಾಯಿತು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗಿರುತ್ತವೆ. ಆ ವಾಕ್ಯ ಯಾರನ್ನೂ ಕಾಪಾಡಿದ್ದನ್ನು ನಾನು ಕಂಡಿಲ್ಲ. ತಾನು ಎಲ್ಲಿ ನಿಂತಿದ್ದೆ, ಎದುರಿನವನು ಎಷ್ಟು ಅಡಿ ದೂರದಲ್ಲಿದ್ದ, ಅವನ ಕೈಯಲ್ಲಿ ಏನಿತ್ತು, ಮೊದಲು ಏನೆಂದು ಎಚ್ಚರಿಸಿದೆ, ಎಷ್ಟು ಏಟು, ಎಲ್ಲಿಗೆ, ಯಾವಾಗ ನಿಲ್ಲಿಸಿದೆ, ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಿದವರು ಯಾರು ಎಂದು ಪ್ರತಿಯೊಬ್ಬನೂ ಅಂದೇ, ಬೇರೆ ಬೇರೆಯಾಗಿ, ಬರೆಯಲಿ. ಕೂಡಿ ಕುಳಿತು ಒಂದೇ ಕತೆ ಕಟ್ಟುವುದನ್ನು ನೀವೇ ತಡೆಯಿರಿ. ಸಂಗಾತಿ ಹದ್ದು ಮೀರುತ್ತಿದ್ದರೆ ಅವನ ತೋಳು ಹಿಡಿದು ಹಿಂದಕ್ಕೆ ಎಳೆಯುವವನೇ ಅವನ ನೌಕರಿಯನ್ನು ಉಳಿಸುವವನು ಎಂಬುದನ್ನೂ ತಿಳಿಸಿ.

ಪ್ರಶ್ನೆ: ನನ್ನ ಮಗನ ಮೇಲೆ ಕೈಮಾಡಿದ ಪೊಲೀಸರ ವಿರುದ್ಧ ದೂರು ಕೊಟ್ಟು ಒಂದು ವರ್ಷವಾಯಿತು. ‘ವಿಚಾರಣೆ ನಡೆಯುತ್ತಿದೆ’ ಎಂಬುದೊಂದೇ ಉತ್ತರ. ಪೊಲೀಸರ ಬೇಸರ ಕೇಳುವವರಿದ್ದಾರೆ, ನಮ್ಮದನ್ನು ಯಾರು ಕೇಳುತ್ತಾರೆ?
— ಒಬ್ಬ ತಾಯಿ

ಉತ್ತರ: ಅಮ್ಮಾ, ಮೇಲಿನ ಅಧಿಕಾರಿಯನ್ನು ಕೊರೆಯುತ್ತಿರುವ ವಿಳಂಬವೇ ನಿಮ್ಮನ್ನೂ ಕೊರೆಯುತ್ತಿದೆ, ನಿಮ್ಮ ಮಗನಿಗೆ ಆದ ನೋವು ಅದರ ಮೇಲಿನ ಹೊರೆ. ಹವಾನಾದ ಅದೇ ಮೂಲತತ್ವಗಳು, ಬಲಪ್ರಯೋಗಕ್ಕೆ ಒಳಗಾದವರಿಗೆ ನ್ಯಾಯಾಂಗವೂ ಸೇರಿದಂತೆ ಸ್ವತಂತ್ರ ವಿಚಾರಣೆಯ ದಾರಿ ತೆರೆದಿರಬೇಕು ಎನ್ನುತ್ತವೆ. ದೂರು ಯಾವ ಹಂತದಲ್ಲಿದೆ, ಯಾರ ಮುಂದಿದೆ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಗಾಯದ ವೈದ್ಯಕೀಯ ಪ್ರಮಾಣಪತ್ರದ ನಕಲು ನಿಮ್ಮ ಬಳಿಯೇ ಇರಲಿ. ಕ್ಯಾಮೆರಾ ದೃಶ್ಯಗಳು ಕೆಲವೇ ವಾರಗಳಲ್ಲಿ ಅಳಿಸಿಹೋಗಬಹುದಾದ್ದರಿಂದ, ನಿಮ್ಮ ಪ್ರಕರಣದ ದೃಶ್ಯಗಳನ್ನು ಯಾರು, ಯಾವ ದಿನ ವಶಕ್ಕೆ ಪಡೆದರು ಎಂಬುದನ್ನು ಆ ಪತ್ರದ ಮೊದಲ ಪ್ರಶ್ನೆಯಾಗಿ ಬರೆಯಿರಿ.