ಕಾನೂನು ಪ್ರಶ್ನೋತ್ತರ: ನಮ್ಮ ಕೇಸು ಯಾವ ಮ್ಯಾಜಿಸ್ಟ್ರೇಟರ ಮುಂದೆ?

ಪ್ರಶ್ನೆ: ನಾನು ಕೊಟ್ಟ ಹಲ್ಲೆ ದೂರಿಗೆ ಚಾರ್ಜ್‌ಶೀಟ್ ಆಗಿದೆ. ಮೊದಲು ಎರಡನೇ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ಕೋರ್ಟ್ ಅಂದಿದ್ದರು, ಈಗ ಬೇರೆ ಕೋರ್ಟ್‌ಗೆ ಹೋಗಿದೆಯಂತೆ. ಎದುರು ಪಾರ್ಟಿಯವರು ಜಡ್ಜ್ ಬದಲಾಯಿಸಿಕೊಂಡಿರಬಹುದೇ?
– ಓದುಗರು, ಮೈಸೂರು

ಉತ್ತರ: ಗಾಬರಿಯಾಗಬೇಡಿ. ಪೊಲೀಸರಾಗಲಿ, ಪಾರ್ಟಿಗಳಾಗಲಿ ತಮಗೆ ಬೇಕಾದ ಮ್ಯಾಜಿಸ್ಟ್ರೇಟರನ್ನು ಆರಿಸಿಕೊಳ್ಳುವಂತಿಲ್ಲ. ಯಾವ ಮ್ಯಾಜಿಸ್ಟ್ರೇಟರಿಗೆ ಯಾವ ಸರಹದ್ದು ಎಂದು ಗೊತ್ತುಮಾಡುವವರು ಹೈಕೋರ್ಟಿನ ನಿಯಂತ್ರಣಕ್ಕೊಳಪಟ್ಟ ಸಿಜೆಎಂ, ಅಂದರೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾನೂನಿನ 12ನೇ ಕಲಂ ಇದನ್ನು ಹೇಳುತ್ತದೆ. ಹಾಗಾಗಿ ಎಫ್‌ಐಆರ್, ಚಾರ್ಜ್‌ಶೀಟ್ ಎರಡೂ ಸಾಮಾನ್ಯವಾಗಿ ಆ ಠಾಣೆಯ ಸರಹದ್ದಿನ ಕೋರ್ಟ್‌ಗೇ ಹೋಗುತ್ತವೆ.

ಆಮೇಲೆ ಬದಲಾವಣೆ ಆಗುವುದುಂಟು. ಒಂದು ಕೋರ್ಟ್‌ನಲ್ಲಿ ಕೇಸು ಹೆಚ್ಚಾದರೆ ಅಥವಾ ಹೊಸ ಕೋರ್ಟ್ ಶುರುವಾದರೆ ಸಿಜೆಎಂ ಇದೇ ಕಾನೂನಿನ 450ನೇ ಕಲಂ ಪ್ರಕಾರ ಕೇಸನ್ನು ಹಿಂಪಡೆದು ಇನ್ನೊಬ್ಬರಿಗೆ ಕೊಡಬಹುದು. ಕಾರಣವನ್ನು ಬರೆದಿಡಲೇಬೇಕು (ಕಲಂ 452). ನಿಮಗೆ ಅನುಮಾನವಿದ್ದರೆ ಊಹಾಪೋಹ ಬಿಟ್ಟು ಆ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಎದುರು ಪಾರ್ಟಿಯವರಿಗೆ ವರ್ಗಾವಣೆಯೇ ಬೇಕಿದ್ದರೆ 448ನೇ ಕಲಂ ಅಡಿ ಸೆಷನ್ಸ್ ನ್ಯಾಯಾಧೀಶರ ಮುಂದೆ ಕಾರಣ ತೋರಿಸಬೇಕು. ‘ಜಡ್ಜ್ ತುಂಬಾ ಸ್ಟ್ರಿಕ್ಟು’ ಅನ್ನುವುದು ಕಾರಣವಾಗದು.

ನಿಜವಾದ ತೊಂದರೆ ಆಗುವುದು ಬೇರೆ ಕಡೆ. ಫಿರ್ಯಾದುದಾರರು ಕೋರ್ಟ್ ಕೇಸುಗಳ ವಿವರ ನೋಡುವ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಮ್ಮ ಹೆಸರು ಹಾಕಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ. ಪೊಲೀಸ್ ಕೇಸಿನಲ್ಲಿ ಫಿರ್ಯಾದಿ ಸ್ಥಾನದಲ್ಲಿರುವುದು ಸರ್ಕಾರ, ನೀವು ಸಾಕ್ಷಿ. ಜಿಲ್ಲೆ, ಕೋರ್ಟ್ ಸಂಕೀರ್ಣ, ಠಾಣೆ ಆರಿಸಿ ಎಫ್‌ಐಆರ್ ಸಂಖ್ಯೆ ಮತ್ತು ವರ್ಷ ಹಾಕಿ. ತೆರೆದುಕೊಂಡ ಪುಟದಲ್ಲಿರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ (ಕೇಸಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ವರ್ಗಾವಣೆಯಾದಾಗ ಸಿ.ಸಿ. ನಂಬರ್ (ಕೋರ್ಟ್ ಕೊಡುವ ಕ್ರಿಮಿನಲ್ ಕೇಸಿನ ಸಂಖ್ಯೆ) ಬದಲಾಗಬಹುದು, ಅದೊಂದನ್ನೇ ನಂಬಬೇಡಿ. ಸಮನ್ಸ್ ಬಂದ ಮೇಲೂ ಹಳೆಯ ಕೋರ್ಟ್ ಹಾಲ್‌ನಲ್ಲಿ ಕಾದು ವಾಪಸಾದರೆ ಗೈರುಹಾಜರಿ ಬಿದ್ದು ಸಾಕ್ಷಿಗೂ ವಾರಂಟ್ ಬರಬಹುದು. ಬೆಳಿಗ್ಗೆಯೇ ಆ ದಿನದ ಕಾಸ್ ಲಿಸ್ಟ್ (ವಿಚಾರಣೆಗಿರುವ ಕೇಸುಗಳ ಪಟ್ಟಿ) ನೋಡಿಕೊಂಡು ಹೊರಡಿ.

ಪ್ರಶ್ನೆ: ನನ್ನ ಬ್ಯಾಂಕ್ ಖಾತೆ ಮಂಡ್ಯದಲ್ಲಿ. ಚೆಕ್ ಕೊಟ್ಟವರ ಖಾತೆ ಮಳವಳ್ಳಿಯಲ್ಲಿ. ನನ್ನ ಖಾತೆಗೆ ಹಾಕಿದ ಚೆಕ್ ಬೌನ್ಸ್ ಆಗಿದೆ. ಕೇಸು ಎಲ್ಲಿ ಹಾಕಬೇಕು?
– ಓದುಗರು, ಮಂಡ್ಯ

ಉತ್ತರ: ಮಂಡ್ಯದಲ್ಲೇ. ಚೆಕ್‌ಗಳಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 2015ರ ತಿದ್ದುಪಡಿಯಂತೆ, ಖಾತೆಗೆ ಜಮಾ ಮಾಡಲು ಹಾಕಿದ ಚೆಕ್ಕಿಗೆ ಹಣ ಪಡೆಯುವವರ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿಯ ಕೋರ್ಟ್‌ಗೆ ಅಧಿಕಾರ. ಚೆಕ್ ಬೌನ್ಸ್ ಆಗಿದೆ ಎಂಬ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಕೊಡಿ. ಅದು ತಲುಪಿ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು ದಾಖಲಿಸಿ. ಮಳವಳ್ಳಿಯಲ್ಲಿ ಹಾಕಿದರೆ ಸರಿಯಾದ ಕೋರ್ಟ್‌ಗೆ ಸಲ್ಲಿಸಿ ಎಂದು ಷರಾ ಬರೆದು ದೂರನ್ನು ಹಿಂದಿರುಗಿಸುತ್ತಾರೆ. ಅಷ್ಟರಲ್ಲಿ ಗಡುವು ಮೀರಿದ್ದರೆ ವಿಳಂಬಕ್ಕೆ ತಕ್ಕ ಕಾರಣ ಕೊಟ್ಟು ಮನ್ನಾ ಮಾಡಿಸಿಕೊಳ್ಳಬೇಕಾಗುತ್ತದೆ.