ಇಂಗ್ಲಿಷಿನ ‘ಚಾಯ್ಸ್’ ಮತ್ತು ‘ಆಪ್ಶನ್’ ಎರಡೂ ಒಂದೇನಾ? ಸಿಇಟಿ ಕೌನ್ಸೆಲಿಂಗ್‌ನಲ್ಲಿ ಎರಡೂ ಬರ್ತಾವಲ್ಲ?

ಒಂದೇ ಅಲ್ಲರೀ. ನೀವು ಹೇಳಿದ ಸಿಇಟಿಯಲ್ಲೇ ವ್ಯತ್ಯಾಸ ಚೊಲೋ ತಿಳೀತದ. ಹುಬ್ಬಳ್ಳಿ, ಧಾರವಾಡ, ಹಾವೇರಿ ಅಂತ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬೋದು ‘ಆಪ್ಶನ್ ಎಂಟ್ರಿ’. ಅವು ನಿಮ್ಮ ಮುಂದಿರುವ ದಾರಿಗಳು ಅಷ್ಟೇ, ಇನ್ನೂ ಯಾವುದನ್ನೂ ಹಿಡಿದಿಲ್ಲ. ಸೀಟು ಹಂಚಿಕೆಯಾದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೇಳುವುದು ‘ಚಾಯ್ಸ್’, ಅಂದರೆ ನಿಮ್ಮ ತೀರ್ಮಾನ. ಚಾಯ್ಸ್ 1 ಅಂದರೆ ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಕಾಲೇಜು ಸೇರೋದು. 2 ಅಂದರೆ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗೋದು. ಮೇಲಿನ ಆಪ್ಶನ್ ಸಿಕ್ಕರೆ ಹಳೆಯದು ತಾನಾಗಿ ರದ್ದು. 3 ಅಂದರೆ ಈ ಸೀಟು ಬಿಟ್ಟು ಮುಂದಿನ ಸುತ್ತಿಗೆ. 4 ಅಂದರೆ ಪೂರ್ತಿ ಹೊರಗೆ. 2 ಮತ್ತು 3 ಅದಲುಬದಲಾದರೆ ಕೈಯಲ್ಲಿದ್ದ ಸೀಟು ಹೋಯಿತು ಅಂತ ತಿಳೀರಿ.

ಇನ್ನು ವಾಕ್ಯದಲ್ಲಿ. ಚಾಯ್ಸ್‌ಗೆ ಜೊತೆಯಾಗುವ ಕ್ರಿಯಾಪದ ‘ಮೇಕ್’. ನಾವು ‘ಆಯ್ಕೆ ಮಾಡು’ ಅನ್ನೋದರಿಂದ ‘ಡೂ ಎ ಚಾಯ್ಸ್’ ಅಂತ ಬರೆದುಬಿಡ್ತೇವೆ, ಅದು ತಪ್ಪು. ಆಪ್ಶನ್‌ಗೆ ‘ಮೇಕ್’ ಹೊಂದೋದಿಲ್ಲ, ‘ಹ್ಯಾವ್’ ಸರಿ. ಎರಡರಲ್ಲಿ ಒಂದು ಅನ್ನುವಾಗ ‘ಚಾಯ್ಸ್ ಬಿಟ್ವೀನ್ ಬಿಎಸ್‌ಸಿ ಆ್ಯಂಡ್ ಬಿಇ’ ಅನ್ನಿ. ನಮ್ಮ ‘ಇಲ್ಲಾ’ ನೆನಪಾಗಿ ಅಲ್ಲಿ ‘ಆರ್’ ನುಸುಳ್ತದ, ನೋಡ್ಕೊಳ್ರಿ. ‘ಹೋಗದೆ ಗತಿಯಿರಲಿಲ್ಲ’ ಅನ್ನೋದಕ್ಕೆ ‘ಐ ಹ್ಯಾಡ್ ನೋ ಚಾಯ್ಸ್ ಬಟ್ ಟು ಗೋ’. ‘ಬಟ್ ಗೋಯಿಂಗ್’ ಅಲ್ಲ. ಇಲ್ಲಿ ಚಾಯ್ಸ್ ಬದಲು ಆಪ್ಶನ್ ಹಾಕಿದರೂ ನಡೀತದ. ‘ಮೈ ಚೂಸ್’ ಅನ್ನಬೇಡಿ, ಚೂಸ್ ಕ್ರಿಯಾಪದ.

ವಸ್ತುವಿನ ಹೆಸರಿಗಿಂತ ಮೊದಲು ಬಂದರೆ ಚಾಯ್ಸ್ ವಿಶೇಷಣವೂ ಆಗ್ತದ: ‘ಚಾಯ್ಸ್ ಮ್ಯಾಂಗೋಸ್’ ಅಂದರೆ ಆರಿಸಿದ ಒಳ್ಳೇ ಹಣ್ಣು, ಧಾರವಾಡದ ಆಪೂಸಿನ ಪೆಟ್ಟಿಗೆಗೆ ಸರಿಯಾಗಿ ಹೊಂದ್ತದ. ಆದರೆ ‘ಚಾಯ್ಸ್ ವರ್ಡ್ಸ್’ ಅಂದರೆ ಹೆಚ್ಚಾಗಿ ವ್ಯಂಗ್ಯ, ಬೈಗುಳಕ್ಕೇ ಹೇಳೋದು. ಯಾರನ್ನಾದರೂ ಹೊಗಳಲು ಬಳಸೀರಿ ಮತ್ತೆ!

ಒಂದು ಬಳಕೆ ನಮ್ಮ ಕಡೆಯದು. ‘ಆ ಪಾಠ ಚಾಯ್ಸ್‌ಗೆ ಬಿಟ್ಟೆ’ ಅಂತ ವಿದ್ಯಾರ್ಥಿಗಳು ಅಂತಾರಲ್ಲ, ಪ್ರಶ್ನೆಪತ್ರಿಕೆಯಲ್ಲಿ ‘ಅಥವಾ’ ಇರ್ತದಲ್ಲ ಎಂಬ ಭರವಸೆಯ ಮೇಲೆ. ಕನ್ನಡದಲ್ಲಿ ಚೆನ್ನಾಗೇ ಕೂಡ್ತದ. ಇಂಗ್ಲಿಷಿಗೆ ಹಾಗೇ ಇಳಿಸಿದರೆ ಹೊರಗಿನವರಿಗೆ ತಿಳಿಯೋದಿಲ್ಲ, ‘ಐ ಸ್ಕಿಪ್ಡ್ ದಟ್ ಚಾಪ್ಟರ್’ ಅನ್ನಿ.