ಆ ಕಾಗದ ಯಾರಿಗೆ ಬರೆದದ್ದು?

ಪ್ರಿಯ ಬರಹಗಾರರೇ,

‘ಕಾಗದಗಳಲ್ಲಿ ಕಾಯಿಲೆ’ ಎಂಬ ನಿಮ್ಮ ಪ್ರಬಂಧ ತಲುಪಿದೆ. ಹಿಂದಿನ ಕಾಲದ ಇಂಗ್ಲಿಷರು ಮನೆಯವರಿಗೂ ಸ್ನೇಹಿತರಿಗೂ ಬರೆದ ಖಾಸಗಿ ಕಾಗದಗಳಲ್ಲಿ ರೋಗ, ವೈದ್ಯ, ಔಷಧಿಗಳ ವಿಚಾರ ಹೇಗೆ ಬರುತ್ತದೆಂದು ತೋರಿಸಲು ಹೊರಟಿದ್ದೀರಿ. ವಿಷಯ ಹೊಸದು. ಓದಿಕೊಂಡು ಬರೆದಿದ್ದೀರಿ. ಕಾಗುಣಿತದ ತಪ್ಪಿಲ್ಲ, ಈ ದಿನಗಳಲ್ಲಿ ಅದೂ ದೊಡ್ಡದೇ. ಬರಹ ಸಪ್ಪೆಯಾಗಿದ್ದರೆ ‘ಪ್ರಕಟಿಸಲು ಅವಕಾಶವಾಗುತ್ತಿಲ್ಲ’ ಎಂಬ ಮಾಮೂಲಿ ಚೀಟಿ ಕಳಿಸಿ ಸುಮ್ಮನಾಗುತ್ತಿದ್ದೆ. ಆದರೆ ನಿಮ್ಮದು ಸಿಟ್ಟು ತರಿಸಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಫ್ಯಾನಿ ಬರ್ನಿಯ ಭಾಗ. ಹೆಸರಾಂತ ಕಾದಂಬರಿಗಾರ್ತಿ, ಫ್ರೆಂಚ್ ಸೇನಾಧಿಕಾರಿಯನ್ನು ಮದುವೆಯಾಗಿ ಪ್ಯಾರಿಸ್ಸಿನಲ್ಲಿದ್ದಾಕೆ. 1811ರ ಸೆಪ್ಟೆಂಬರ್ 30ರಂದು, ಐವತ್ತೊಂಬತ್ತರ ವಯಸ್ಸಿನಲ್ಲಿ, ಅರಿವಳಿಕೆಯಿಲ್ಲದೆ ಆಕೆಯ ಸ್ತನವನ್ನು ಮನೆಯಲ್ಲೇ ಕೊಯ್ದು ತೆಗೆದರು. ಅದನ್ನು ಆಕೆ ತಿಂಗಳುಗಳ ನಂತರ ಇಂಗ್ಲೆಂಡಿನಲ್ಲಿದ್ದ ಅಕ್ಕ ಎಸ್ತರ್‌ಗೆ ಬರೆದು ತಿಳಿಸುತ್ತಾಳೆ. ಇದರ ಬಗ್ಗೆ ನಿಮ್ಮ ಮೊದಲ ವಾಕ್ಯ: ‘ಕಟುಕರಂಥ ವೈದ್ಯರು ಆ ಅಬಲೆಯ ಮೇಲೆ ಮುಗಿಬಿದ್ದರು.’

ಮುಗಿಬಿದ್ದರೇ? ಕಾಗದ ತೆಗೆದು ಮತ್ತೆ ಓದಿ. ಕಪ್ಪುಬಟ್ಟೆಯ ಏಳು ಜನ ಹೇಳದೆ ಕೇಳದೆ ಒಳಗೆ ಬಂದಾಗ, ನನ್ನ ಒಪ್ಪಿಗೆಯಿಲ್ಲದೆ ಇಷ್ಟು ಮಂದಿ ಯಾಕೆ ಎಂದು ಆಕೆಗೆ ಸಿಟ್ಟು ಬರುತ್ತದೆ. ಕೋಣೆಯ ನಡುವೆ ಎಳೆದಿಟ್ಟ ಮಂಚವನ್ನು ಆಕೆ ತಾನಾಗಿಯೇ ಹತ್ತುತ್ತಾಳೆ. ಹಿಡಿದುಕೊಳ್ಳುವುದು ಬೇಡ ಎನ್ನುತ್ತಾಳೆ. ಮುಖದ ಮೇಲೆ ಹೊದಿಸಿದ ತೆಳು ಕರವಸ್ತ್ರದ ಮೂಲಕ ಎಲ್ಲ ಕಾಣುತ್ತಿದೆ, ಉಕ್ಕಿನ ಹೊಳಪೂ ಕಾಣುತ್ತಿದೆ. ‘ಈ ಸ್ತನವನ್ನು ಯಾರು ಹಿಡಿಯುತ್ತೀರಿ?’ ಎಂದು ವೈದ್ಯ ಕೇಳಿದಾಗ ಯಾರೂ ಉಸಿರೆತ್ತುವುದಿಲ್ಲ. ‘ನಾನೇ’ ಎನ್ನುತ್ತಾಳೆ ಫ್ಯಾನಿ. ಇಂಥವಳನ್ನು ಅಬಲೆ ಎನ್ನಲು ನಿಮಗೆ ಕೈ ಹೇಗೆ ಬಂತು?

ಇನ್ನು ಕಟುಕರ ವಿಚಾರ. ಕತ್ತಿ ಹಿಡಿದವನು ನೆಪೋಲಿಯನ್ ಸೇನೆಯ ಶಸ್ತ್ರವೈದ್ಯ ಲಾರೇ. ರಣರಂಗದಲ್ಲಿ ಕೈಕಾಲು ಕತ್ತರಿಸಿ ಪಳಗಿದವನು. ಎಲ್ಲ ಮುಗಿದು ಮಂಚದಿಂದ ಎತ್ತುವಾಗ ಫ್ಯಾನಿ ಕಣ್ಣು ಬಿಟ್ಟರೆ ಅವನ ಮುಖ ಹೆಚ್ಚುಕಡಿಮೆ ಅವಳಷ್ಟೇ ಬಿಳಿಚಿದೆ, ರಕ್ತದ ಗೀರುಗಳಿವೆ, ದುಃಖ ಮತ್ತು ಭಯ ಎದ್ದು ಕಾಣುತ್ತಿವೆ. ಆ ಸ್ಥಿತಿಯಲ್ಲೂ ಅವಳು ವೈದ್ಯನ ಮುಖ ನೋಡಿದಳು, ನೋಡಿದ್ದನ್ನು ಅಕ್ಕನಿಗೆ ಬರೆದಳು. ನಿಮ್ಮ ಪ್ರಬಂಧದಲ್ಲಿ ಈ ಮುಖವೇ ಇಲ್ಲ. ಯಾಕೆಂದರೆ ಅದನ್ನು ಇಟ್ಟುಕೊಂಡರೆ ಕಟುಕರನ್ನು ಬಿಡಬೇಕಾಗುತ್ತಿತ್ತು.

ಮುಂದಿನ ಸಾಲು: ‘ಅವಳ ಹೃದಯವಿದ್ರಾವಕ ಆರ್ತನಾದ ಪ್ಯಾರಿಸ್ಸಿನ ಬಾನನ್ನೇ ಸೀಳಿತು.’ ಫ್ಯಾನಿ ಬರೆದದ್ದು ಇಷ್ಟೇ: ಕೊಯ್ಯುವಷ್ಟು ಹೊತ್ತೂ ನಾನು ಬಿಡದೆ ಕಿರುಚುತ್ತಿದ್ದೆ, ಅದು ಈಗಲೂ ನನ್ನ ಕಿವಿಯಲ್ಲಿ ಮೊಳಗುತ್ತಿಲ್ಲವಲ್ಲ ಅನ್ನುವುದೇ ಆಶ್ಚರ್ಯ. ಅವಳ ಮಾತು ಕಿವಿಯ ಹತ್ತಿರ ಇದೆ. ನೀವು ಆಕಾಶಕ್ಕೆ ಹಾರಿದ್ದೀರಿ. ಎದೆಮೂಳೆಯನ್ನು ಕತ್ತಿ ಕೆರೆದದ್ದು ಗೊತ್ತಾಯಿತು ಎಂದು ಬರೆದಾಕೆಗೆ ನಿಮ್ಮ ವಿಶೇಷಣಗಳ ಉಪಕಾರ ಬೇಕೇ?

ಮೂರನೆಯದು: ‘ಅರಿವಳಿಕೆಯ ಕಲ್ಪನೆಯೂ ಇಲ್ಲದ ಕತ್ತಲ ಯುಗವದು.’ ಕಲ್ಪನೆ ಇತ್ತು. ನೈಟ್ರಸ್ ಆಕ್ಸೈಡ್ ಎಂಬ ಅನಿಲ ನೋವನ್ನು ಅಳಿಸುತ್ತದೆ, ಶಸ್ತ್ರಚಿಕಿತ್ಸೆಗೆ ಉಪಯೋಗವಾಗಬಹುದು ಎಂದು ಇಂಗ್ಲಿಷ್ ರಸಾಯನವಿಜ್ಞಾನಿ ಹಂಫ್ರಿ ಡೇವಿ 1800ರಲ್ಲೇ ಅಚ್ಚು ಹಾಕಿಸಿದ್ದ. ಯಾರೂ ಕೈಗೆತ್ತಿಕೊಳ್ಳಲಿಲ್ಲ ಅಷ್ಟೆ. ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ್ದು 1846ರಲ್ಲಿ. ಫ್ಯಾನಿ ಆ ಹೊತ್ತಿಗೆ ಸತ್ತು ಆರು ವರ್ಷವಾಗಿತ್ತು. ಹೌದು, 1840ರವರೆಗೆ, ಎಂಬತ್ತೇಳು ತುಂಬುವವರೆಗೆ ಬದುಕಿದ್ದಳು. ಆ ‘ಕತ್ತಲ ಯುಗ’ದ ವೈದ್ಯರು ಕೊಯ್ದ ಮೇಲೆ ಇಪ್ಪತ್ತೆಂಟು ವರ್ಷ. ಇದನ್ನೂ ನೀವು ಹೇಳಿಲ್ಲ.

ಇವೆಲ್ಲ ಬಿಡಿ ತಪ್ಪುಗಳಲ್ಲ, ಒಂದೇ ತಪ್ಪಿನ ಮಕ್ಕಳು. ನೀವು ಓದುತ್ತಿರುವುದು ಕಾಗದ ಎಂಬುದನ್ನೇ ಮರೆತಿದ್ದೀರಿ. ಎರಡು ದೇಶಗಳ ನಡುವೆ ಯುದ್ಧ. ಫ್ಯಾನಿ ತವರಿನ ಮುಖ ನೋಡಿ ವರ್ಷಗಟ್ಟಲೆಯಾಗಿದೆ. ತಂಗಿಗೆ ಜೀವಕ್ಕೇ ಬಂದಿತ್ತಂತೆ ಎಂದು ಅವರಿವರ ಬಾಯಿಂದ ಕೇಳಿದರೆ, ವಾಸಿಯಾಗಿದೆ ಎಂದರೂ ಊರಲ್ಲಿ ನಂಬುವುದಿಲ್ಲ. ನನ್ನ ಕೈಬರಹದಲ್ಲೇ ತಿಳಿಯಲಿ ಎಂದು ಬರೆಯುತ್ತಾಳೆ. 1812ರ ಮಾರ್ಚಿನಲ್ಲಿ ಹಿಡಿದದ್ದು ಜೂನಿನಲ್ಲಿ ಮುಗಿಯುತ್ತದೆ. ಬರೆದದ್ದನ್ನು ತಿರುಗಿ ಓದುವ ಧೈರ್ಯ ನನಗಿಲ್ಲ ಎನ್ನುತ್ತಾಳೆ. ಅದೇ ಕಾಗದದಲ್ಲಿ ಇದನ್ನೆಲ್ಲ ‘ನನ್ನ ಗೋಳಿನ ಪದ’ ಎಂದು ತಮಾಷೆಯನ್ನೂ ಮಾಡುತ್ತಾಳೆ. ಅಕ್ಕನನ್ನು ಹೆದರಿಸಬಾರದು, ಸುಳ್ಳೂ ಹೇಳಬಾರದು. ಆ ಹದ ಹಿಡಿಯಲು ಪಟ್ಟ ಪಾಡು ಸಾಲುಸಾಲಿನಲ್ಲಿದೆ. ನಿಮ್ಮ ಪ್ರಬಂಧದಲ್ಲಿ ಎಸ್ತರ್ ಹೆಸರು ಬರುವುದು ಅಡಿಟಿಪ್ಪಣಿಯಲ್ಲಿ!

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ವೈದ್ಯರ ಸಲಹೆಯ ಅಂಕಣಕ್ಕೆ ಬಂದ ಕಾಗದಗಳನ್ನು ಒಡೆದು, ಒಂದೊಂದನ್ನೂ ಮೂರು ಸಾಲಿಗೆ ಇಳಿಸುವುದು ಹೊಸಬರ ಪಾಲಿನ ಚಾಕರಿ. ಹೆಚ್ಚಿನವು ಇನ್‌ಲ್ಯಾಂಡ್ ಲೆಟರುಗಳು. ‘ನಾವೆಲ್ಲ ಕ್ಷೇಮ’ ಎಂದೇ ಶುರು. ಕಾಯಿಲೆ ಬರುವುದು ಕೊನೆಯ ಮಡಿಕೆಯಲ್ಲಿ, ಗೋಂದು ಹಚ್ಚುವ ಅಂಚಿಗೆ ಒತ್ತಿಕೊಂಡು. ಮೂರು ಸಾಲಿಗೆ ಇಳಿಸಿದರೆ ಉಳಿಯುತ್ತಿದ್ದದ್ದು ‘ಹೆಂಗಸು, 34, ಹೊಟ್ಟೆನೋವು, ನಿದ್ದೆ ಇಲ್ಲ’. ಉತ್ತರ ಬರೆಯುವ ಡಾಕ್ಟರು ಆ ಚೀಟಿಗಳನ್ನು ಬದಿಗೆ ಸರಿಸಿ ‘ಅಸಲು ಕೊಡ್ರಿ’ ಅನ್ನುತ್ತಿದ್ದರು. ಒಂದು ಸಲ ಒಂದು ಕಾಗದದ ಅಂಚಿನಲ್ಲಿ ‘ಊರ ಹೆಸರು ಹಾಕಬೇಡಿ, ನಮ್ಮ ಅತ್ತೆ ನಿಮ್ಮ ಪತ್ರಿಕೆ ಓದುತ್ತಾರೆ’ ಎಂದಿತ್ತು. ಡಾಕ್ಟರು ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ‘ಮಾತ್ರೆ ಬರೆಯೋಕೆ ಮುಂಚೆ ಈಕೆಗೆ ಬೇರೆ ಏನೋ ಕೇಳಬೇಕು’ ಅಂದರು. ಆಮೇಲೆ ನಮ್ಮ ಹಿರಿಯ ಉಪಸಂಪಾದಕರು, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ, ಯಾವ ಬರಹ ಕೊಟ್ಟರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಇದು ಯಾರಿಗೆ ಬರೆದದ್ದು?’ ಅವರು ನಿಮ್ಮ ಪ್ರಬಂಧ ನೋಡಿದ್ದರೆ ಎಲೆಯಡಿಕೆ ಉಗುಳಿ ಬಂದು ಮಾತಾಡುತ್ತಿದ್ದರು.

ಇನ್ನು ಇಂಗ್ಲಿಷ್ ನಿಘಂಟುಕಾರ ಡಾ. ಸ್ಯಾಮ್ಯುಯೆಲ್ ಜಾನ್ಸನ್. 1783ರ ಜೂನ್ 17ರ ಬೆಳಗಿನ ಜಾವ, ಎಪ್ಪತ್ತಮೂರರ ಮುದುಕನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ನಿಮ್ಮ ಸಾಲು: ‘ನಿಘಂಟು ರಚಿಸಿದ ದಿಗ್ಗಜ ಅಸಹಾಯಕ ಕಂಬನಿ ಮಿಡಿದ.’ ಕಂಬನಿ ಎಲ್ಲಿಂದ ತಂದಿರಿ? ಅವನು ಮಾಡಿದ್ದೇ ಬೇರೆ. ತಲೆ ಸರಿಯಿದೆಯೋ ಇಲ್ಲವೋ ಪರೀಕ್ಷಿಸಲು ದೇವರ ಪ್ರಾರ್ಥನೆಯೊಂದನ್ನು ಲ್ಯಾಟಿನ್ ಪದ್ಯದಲ್ಲಿ ಕಟ್ಟಿದ. ಸಾಲುಗಳು ಅಷ್ಟು ಚೆನ್ನಾಗಿರಲಿಲ್ಲ, ಆದರೆ ಚೆನ್ನಾಗಿಲ್ಲ ಎಂಬುದು ನನಗೆ ತಿಳಿಯಿತು, ಆದ್ದರಿಂದ ಬುದ್ಧಿ ನೆಟ್ಟಗಿದೆ ಎಂದುಕೊಂಡೆ ಎನ್ನುತ್ತಾನೆ. ಇದನ್ನು ನಾನು ಬರಹಗಾರರಿಗೆಲ್ಲ ಓದಿ ಹೇಳುತ್ತೇನೆ. ನಿಮಗೆ ಯಾಕೆಂದು ವಿವರಿಸಬೇಕಿಲ್ಲ. ಬೆಳಗ್ಗೆ ಆಳು ಮಾತಾಡುತ್ತಲೇ ಒಳಗೆ ಬಂದ. ಯಜಮಾನರು ಬಾಯಲ್ಲಿ ಹೇಳದೆ ಚೀಟಿ ಯಾಕೆ ಕೊಡುತ್ತಿದ್ದಾರೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ನಿಮ್ಮ ದಿಗ್ಗಜನನ್ನು ತೆಗೆದು ಈ ಆಳನ್ನು ಇಟ್ಟಿದ್ದರೆ ಇಡೀ ಪುಟ ಎದ್ದು ನಿಲ್ಲುತ್ತಿತ್ತು.

ಇಲ್ಲೂ ಅದೇ ಕಥೆ. ಆ ದಿನ ನೆರೆಯವನೂ ಮನೆಯ ಮಾಲೀಕನೂ ಆದ ಮುದ್ರಕ ಅಲೆನ್‌ಗೆ ಬರೆದದ್ದು ಚುಟುಕು ಚೀಟಿ: ದೇವರು ಮಾತು ಕಿತ್ತುಕೊಂಡಿದ್ದಾನೆ, ಬುದ್ಧಿಯನ್ನೂ ಕಿತ್ತುಕೊಳ್ಳಬಹುದು, ಬಂದು ನನ್ನ ಪರವಾಗಿ ನಡೆಸಿಕೊಡು. ಬರೆಯುವಾಗ ಕೈ ತನ್ನಷ್ಟಕ್ಕೆ ತಪ್ಪು ಅಕ್ಷರ ಮೂಡಿಸುತ್ತಿತ್ತಂತೆ. ಎರಡು ದಿನ ಬಿಟ್ಟು ಹಳೆಯ ಸ್ನೇಹಿತೆ ಶ್ರೀಮತಿ ಥ್ರೇಲ್‌ಗೆ ಬರೆದದ್ದು ಉದ್ದನೆಯ ಕಾಗದ. ಆ ಸ್ನೇಹ ಅಷ್ಟರಲ್ಲಿ ಹಳಸಿತ್ತು. ಒಂದು ಕಾಲದಲ್ಲಿ ಇದನ್ನು ಓದಿ ನೀನು ಮರುಗುತ್ತಿದ್ದೆ, ಈಗ ಉದಾಸೀನದಿಂದ ಕಣ್ಣಾಡಿಸಿ ಬಿಡುತ್ತೀಯೇನೋ ಎಂಬ ಚುಚ್ಚುಮಾತಿನಿಂದಲೇ ಶುರುವಾಗುತ್ತದೆ. ಕಾಯಿಲೆ ಒಂದೇ, ಕಾಗದ ಎರಡು. ಅಲೆನ್‌ನಿಂದ ಅವನಿಗೆ ಕೆಲಸವಾಗಬೇಕಿತ್ತು, ಥ್ರೇಲ್‌ಳಿಂದ ಇನ್ನೇನೋ ಬೇಕಿತ್ತು. ನೀವು ಎರಡನ್ನೂ ಬೆರೆಸಿ ‘ಪತ್ರಗಳಲ್ಲಿ ಹೀಗೆ ಹೇಳಿಕೊಂಡಿದ್ದಾನೆ’ ಎಂದು ಮುಗಿಸಿದ್ದೀರಿ.

ಸಿಡುಬಿನ ಭಾಗದ ಬಗ್ಗೆ ಈಗ ಏನೂ ಹೇಳುವುದಿಲ್ಲ. ಕೊನೆಯ ‘ಇಂದಿನ ವೈದ್ಯವಿಜ್ಞಾನದ ಮುನ್ನಡೆ’ ಪೂರ್ತಿ ಹೋಗಲಿ.

ಆದರೆ ಮಾರ್ಗರೆಟ್ ಪ್ಯಾಸ್ಟನ್ ಬಗ್ಗೆ ಬರೆದ ಅರ್ಧ ಪುಟವನ್ನು ಮುಟ್ಟಬೇಡಿ. 1443ರಲ್ಲಿ ಲಂಡನ್ನಿನಲ್ಲಿ ಕಾಯಿಲೆ ಬಿದ್ದಿದ್ದ ಗಂಡನಿಗೆ ನಾರ್ಫಕ್‌ನಿಂದ ಹೆಂಡತಿ ಬರೆದದ್ದು. ಅವನ ತೂಕದಷ್ಟು ಮೇಣದ ಮೂರ್ತಿಯ ಹರಕೆ, ತಾನು ಮಾಡಲಿರುವ ಯಾತ್ರೆ, ಹುಣ್ಣು ಹೇಗಿದೆ ಎಂಬ ವಿಚಾರಣೆ, ಬರೆಯಲು ತ್ರಾಸವಾಗದಿದ್ದರೆ ಬೇಗ ಒಂದು ಕಾಗದ ಹಾಕಿ ಎಂಬ ಬೇಡಿಕೆ. ಅಲ್ಲಿ ನೀವು ಒಂದು ವಿಶೇಷಣವನ್ನೂ ಹಾಕಿಲ್ಲ. ಬಹುಶಃ ದಣಿದಿದ್ದಿರಿ. ಇಪ್ಪತ್ತೊಂದು ವರ್ಷದ ನಂತರ ಅದೇ ಮಾರ್ಗರೆಟ್ ಅದೇ ಗಂಡನಿಗೆ, ಲಂಡನ್ ವೈದ್ಯರು ಕೊಡುವ ಔಷಧಿಯ ಬಗ್ಗೆ ಹುಷಾರು, ನಿಮ್ಮ ತಂದೆಗೂ ನನ್ನ ಸೋದರಮಾವನಿಗೂ ಆದದ್ದು ನೋಡಿದ ಮೇಲೆ ನಾನು ಅವರನ್ನು ನಂಬುವುದಿಲ್ಲ ಎಂದು ಬರೆಯುತ್ತಾಳೆ. ಅದನ್ನೂ ಅಡಿಟಿಪ್ಪಣಿಯಿಂದ ಮೇಲಕ್ಕೆ ತನ್ನಿ.

ತಿದ್ದಿ ಕಳಿಸಿ. ಅರ್ಧಕ್ಕೆ ಇಳಿದರೆ ಒಳ್ಳೆಯದು. ಲೇಖನದ ಜೊತೆ ಹಾಕಲು ಕಳಿಸಿದ ಸ್ಟೆತೊಸ್ಕೋಪಿನ ಚಿತ್ರ ಬೇಡ. ಫ್ಯಾನಿ, ಜಾನ್ಸನ್, ಮಾರ್ಗರೆಟ್ಟಳ ಗಂಡ, ಈ ಮೂವರು ಕಾಯಿಲೆ ಬಿದ್ದಾಗ ಸ್ಟೆತೊಸ್ಕೋಪ್ ಇನ್ನೂ ಹುಟ್ಟಿರಲಿಲ್ಲ.

ಇಂತಿ,
ಸಂಪಾದಕ